ಯಂತ್ರದ ಸದ್ದೂ ಯಂತ್ರದ ಉಸಿರೂ

ವಾಚಕರಲ್ಲಿ ಅನೇಕರು ವಾಸಿಸುವ ಕಟ್ಟಡಗಳಲ್ಲಿ ಜನರೇಟರ್ ಎಂಬ ಯಂತ್ರವೊಂದು ಇದ್ದೇ ಇರುವುದು. ವಿದ್ಯುತ್ತು ನಿಂತಾಗ ದೀಪವನ್ನೂ ನೀರೆತ್ತುವ ಪಂಪನ್ನೂ ಲಿಫ್ಟನ್ನೂ ನಡೆಯಿಸುವ ಈ ಉಪಕಾರಿಯು ತನ್ನ ಉಪಕಾರಕ್ಕೆ ಪಡೆಯುವ ಸಂಬಳವೆಂದರೆ ನೆರೆಹೊರೆಯವರ ನೆಮ್ಮದಿ. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲಿಯೇ ದೀಪಗಳನ್ನು ಕಂಡ ನಗರದಲ್ಲಿ ಇಂಥ ಯಂತ್ರವು ಇನ್ನೂ ಏಕೆ ಬೇಕಾಗಿದೆಯೆಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ಅದರ ಸದ್ದನ್ನು ಅಡಗಿಸಹೋಗಿ ನಾವು ಮಾಡಿದ ಒಂದು ತಪ್ಪನ್ನೂ, ಆ ತಪ್ಪಿನಿಂದ ಕಲಿತುದನ್ನೂ ಇಲ್ಲಿ ನಿವೇದಿಸುವೆವು.

ಬಸವೇಶ್ವರನಗರದಲ್ಲಿ ನಾವಿರುವ ಕಟ್ಟಡದಲ್ಲಿ ಹದಿನಾರು ಸಂಸಾರಗಳಿವೆ. ನಮ್ಮ ಯಂತ್ರವು 25 ಕೆವಿಎ ಶಕ್ತಿಯ ಡೀಸೆಲ್ ಯಂತ್ರ. 2003ರ ಆದಿಯಲ್ಲಿ ಕೊಂಡದ್ದು. 2005ರ ಜನವರಿ 1ರಿಂದ ಈಚೆಗೆ ತಯಾರಾದ ಇಂಥ ಯಂತ್ರಗಳು ಕಾರ್ಖಾನೆಯಿಂದಲೇ ಶಬ್ದನಿರೋಧಕ ಹೊದಿಕೆಯನ್ನು ತೊಟ್ಟು ಹೊರಬರಬೇಕೆಂದೂ, ಆ ಹೊದಿಕೆಯಿಂದ ಒಂದು ಮೀಟರು ದೂರದಲ್ಲಿ ಸದ್ದು 75 ಡೆಸಿಬೆಲನ್ನು ಮೀರಕೂಡದೆಂದೂ ಕಟ್ಟಳೆಯುಂಟು. ನಮ್ಮದು ಅದಕ್ಕಿಂತ ಹಿಂದಿನದಾದ ಕಾರಣ ಬರಿಮೈಯಲ್ಲಿಯೇ ನೆಲಮಾಳಿಗೆಯಲ್ಲಿ ನಿಂತಿತ್ತು. ಅದರ ಪಕ್ಕದ ಕೋಣೆಯಲ್ಲಿ ಕಾವಲುಗಾರನ ಸಂಸಾರ. ಅವನ ಹೆಂಡತಿಯು ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು, ಯಂತ್ರವು ಹೊರಟೊಡನೆ ಬೀದಿಗೆ ಬಂದು ನಿಲ್ಲುತ್ತಿದ್ದಳು. ಅದು ನಡುರಾತ್ರಿಯಾದರೂ ಸರಿಯೇ. ವಸತಿಪ್ರದೇಶದಲ್ಲಿ ರಾತ್ರಿಯ ಸದ್ದು 45 ಡೆಸಿಬೆಲ್ಲಿನೊಳಗೆ ಇರತಕ್ಕದ್ದೆಂದು 2000ನೆಯ ಇಸವಿಯ ನಿಯಮಗಳು ಹೇಳುತ್ತವೆಯಾದರೂ ಆ ಕೂಸಿನ ಪರವಾಗಿ ಅವನ್ನು ಓದಿ ಹೇಳಿದವರು ಯಾರೂ ಇರಲಿಲ್ಲ. ಕಡೆಗೆ ನಾವೇ ಸಂಘದ ಸಭೆಯಲ್ಲಿ ಎದ್ದು ನಿಂತು, ಯಂತ್ರವನ್ನು ಮುಚ್ಚಿಡಬೇಕೆಂದು ವಾದಿಸಿದೆವು. ಹೇಗೆ ಮುಚ್ಚಬೇಕೆಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಶಬ್ದವು ಹೇಗೆ ಹಬ್ಬುವುದೆಂಬುದನ್ನು ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳಿಂದ ವಿವರಿಸಿದ್ದಾರೆ. ಒಂದು ವೀಚೀತರಂಗನ್ಯಾಯ: ಕೊಳದಲ್ಲಿ ಕಲ್ಲು ಬಿದ್ದಾಗ ಅಲೆಯಿಂದ ಅಲೆ ಹುಟ್ಟುವಂತೆ. ಇನ್ನೊಂದು ಕದಂಬಮುಕುಲನ್ಯಾಯ: ಕದಂಬದ ಮೊಗ್ಗು ಏಕಕಾಲದಲ್ಲಿ ಎಲ್ಲ ದಿಕ್ಕುಗಳಿಗೂ ಎಸಳನ್ನು ಚಾಚುವಂತೆ. ಶಬ್ದವು ಆಕಾಶದ ಗುಣವೆಂದು ಅವರ ಮತ. ಇಂದಿನ ಭೌತಶಾಸ್ತ್ರವು ಆಕಾಶವನ್ನು ಬಿಟ್ಟು ವಾಯುವನ್ನೂ ಗೋಡೆ ನೆಲಗಳಂಥ ಘನಪದಾರ್ಥಗಳನ್ನೂ ಹಿಡಿದಿದೆ. ಆದರೆ ದೃಷ್ಟಾಂತಗಳು ಹಳತಾಗಿಲ್ಲ. ನಲವತ್ತು ವರ್ಷ ಅವನ್ನು ಮಕ್ಕಳಿಗೆ ಬೋಧಿಸಿದ ನಾವು, ಕದಂಬಕ್ಕೆ ಒಂದೇ ಕಡೆ ಗೋಡೆ ಕಟ್ಟಿದರೆ ಫಲವಿಲ್ಲವೆಂಬಷ್ಟನ್ನು ಬಲ್ಲೆವೆಂದು ಬೀಗಿದೆವು. ಆದಕಾರಣ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯನ್ನು ಯಂತ್ರದ ಸುತ್ತಲೂ ಎಬ್ಬಿಸಿ, ಕಬ್ಬಿಣದ ಬಾಗಿಲನ್ನು ಇರಿಸಿ, ಮೇಲಿನ ಗವಾಕ್ಷಿಗೆ ಗೋಣಿತಟ್ಟನ್ನು ತುರುಕಿಸಿದೆವು. ಗೋಣಿತಟ್ಟಿನ ಸಲಹೆಯು ಬೇರೆ ಯಾರದೂ ಅಲ್ಲ, ನಮ್ಮದೇ. ಬಿಸಿಯಂತ್ರದ ಬಳಿ ಅದು ಬೆಂಕಿಗೆ ಆಹ್ವಾನವೆಂಬುದೂ ಆಗ ಹೊಳೆಯಲಿಲ್ಲ.

ಮೊದಲ ರಾತ್ರಿ ಸದ್ದು ಗಣನೀಯವಾಗಿ ತಗ್ಗಿತು; ಎಲ್ಲರೂ ನಮ್ಮನ್ನು ಕೊಂಡಾಡಿದರು. ಕೂಸಿನ ತಾಯಿಯು ಬೀದಿಗೆ ಬರಲಿಲ್ಲ. ಅರ್ಧಗಂಟೆಯೊಳಗೆ ಯಂತ್ರವು ಕಾದು ಕೆಮ್ಮಿ ತಾನಾಗಿ ನಿಂತಿತು. ಸ್ವಲ್ಪ ಹೊತ್ತಿನಲ್ಲಿಯೇ ಕಾವಲುಗಾರನು ಮೆಟ್ಟಿಲೇರಿ ಬಂದು ನಮ್ಮ ಬಾಗಿಲನ್ನು ಬಡಿದನು. ಹೆಂಡತಿಗೆ ತಲೆ ಸಿಡಿಯುತ್ತಿತ್ತು. ಕೂಸು ವಾಂತಿ ಮಾಡಿಕೊಂಡು, ಎಬ್ಬಿಸಿದರೂ ಕಣ್ಣು ತೆರೆಯದೆ ಜೋಲುಬಿದ್ದಿತ್ತು. ಆಸ್ಪತ್ರೆಯಲ್ಲಿ ಆಮ್ಲಜನಕವನ್ನು ಕೊಟ್ಟ ಮೇಲೆ ಬೆಳಗಿನ ಜಾವಕ್ಕೆ ಅದು ಅತ್ತಿತು. ಅಳುವ ಮಗುವಿನ ದನಿಯನ್ನು ಕೇಳಿ ನಾವು ಅಷ್ಟು ಸಂತೋಷಪಟ್ಟುದು ಹಿಂದೆಂದೂ ಇಲ್ಲ.

ನಡೆದುದು ಇಷ್ಟು. ಒಂದು ಲೀಟರು ಡೀಸೆಲ್ ಉರಿಯಲು ಸುಮಾರು ಹತ್ತು ಘನಮೀಟರು ಗಾಳಿ ಬೇಕು. ಅಂದರೆ ಒಂದು ಸಣ್ಣ ಕೋಣೆಯ ಗಾಳಿಯ ಬಹುಭಾಗ. ಉರಿದ ಎಣ್ಣೆಯ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಪರಿಣಮಿಸಿ, ಉಳಿದುದು ಹೊಗೆಯ ಬಿಸಿಯಾಗಿಯೂ ಯಂತ್ರದ ಮೈಬಿಸಿಯಾಗಿಯೂ ಹೊರಬೀಳುವುದು. ಗವಾಕ್ಷಿಯನ್ನು ಮುಚ್ಚಿದ ನಾವು ಸದ್ದಿನ ಜೊತೆಗೆ ಈ ಗಾಳಿಯನ್ನೂ ಬಿಸಿಯನ್ನೂ ಕಟ್ಟಿಹಾಕಿದ್ದೆವು. ಗಾಳಿ ಸಾಲದ ಉರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಹೆಚ್ಚುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಕೊಳವೆಯ ಹಳೆಯ ಸಂದಿನಿಂದ ಸೋರಿದ ಅದು ಬಾಗಿಲ ಕೆಳಗಿನಿಂದ ಪಕ್ಕದ ಕೋಣೆಗೆ ಹರಿಯಿತು. ಪೆಟ್ರೋಲಿನ ಚಿಕ್ಕ ಯಂತ್ರಗಳು ಈ ವಿಷಯದಲ್ಲಿ ಇನ್ನೂ ಕ್ರೂರವಾದುವು. ಅವನ್ನು ಬಾಲ್ಕನಿಯಲ್ಲಿಯೋ ಮೆಟ್ಟಿಲ ಕೆಳಗೋ ಇಡುವ ಗೃಹಸ್ಥರು ಈ ಮಾತನ್ನು ಎರಡು ಸಲ ಓದಬೇಕೆಂದು ಪ್ರಾರ್ಥನೆ.

ಮರುವಾರ ಕಾಮಾಕ್ಷಿಪಾಳ್ಯದಿಂದ ಬಂದ ಮೇಸ್ತ್ರಿಯು ನಮ್ಮ ಕಟ್ಟೋಣವನ್ನು ನೋಡಿ, ಗೋಡೆಯನ್ನು ಒಡೆಯಿಸಿ, ಯಂತ್ರವನ್ನು ಹಿಂದಿನ ಅಂಗಳದ ಬಯಲಿಗೆ ಸಾಗಿಸಿದನು. ಅವನಿಗೆ ನ್ಯಾಯಶಾಸ್ತ್ರ ತಿಳಿಯದು. ಕೈಗೆ ಮಾತ್ರ ಎಲ್ಲವೂ ತಿಳಿದಿತ್ತು. ಮೊದಲು ಯಂತ್ರದ ಕಾಲುಗಳ ಕೆಳಗೆ ದಪ್ಪ ರಬ್ಬರಿನ ಮೆತ್ತೆಗಳನ್ನಿಟ್ಟನು, ಇಲ್ಲವಾದರೆ ನಡುಕವು ನೆಲವನ್ನು ಹಿಡಿದು ಮನೆಮನೆಯನ್ನೂ ಹೊಗುವುದು. ಬಳಿಕ ಉಕ್ಕಿನ ತಗಡಿನ ಗೂಡು. ಅದರ ಒಳಮೈಗೆ ಕಲ್ಲುನಾರಿನ ದಪ್ಪ ಹಾಸು. ಅದು ಉದುರದಂತೆ ಮೇಲೆ ತೂತುಗಳುಳ್ಳ ತಗಡು. ತಗಡಿನ ತೂಕವು ಶಬ್ದವನ್ನು ತಡೆಯುವುದು, ನಾರು ಅದನ್ನು ಹೀರುವುದು. ಒಂದೇ ಪದಾರ್ಥಕ್ಕೆ ಎರಡು ಕೆಲಸವನ್ನೂ ಒಪ್ಪಿಸಲಾಗದು. ಗೂಡಿನ ಮೇಲ್ಮೈಯಲ್ಲಿ ನೂರಕ್ಕೆ ಒಂದು ಪಾಲು ಬಿರುಕಿದ್ದರೂ, ಉಳಿದ ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಸದ್ದು 20 ಡೆಸಿಬೆಲ್ಲಿಗಿಂತ ಹೆಚ್ಚು ತಗ್ಗದು. ಹಳೆಯ ಯಂತ್ರಗಳಿಗೆ ಕಟ್ಟಳೆಯು ವಿಧಿಸುವುದು ಕನಿಷ್ಠ 25. ಎಂದರೆ ಶಬ್ದಶಕ್ತಿಯ ಸುಮಾರು ಮುನ್ನೂರರಲ್ಲಿ ಒಂದು ಪಾಲು ಮಾತ್ರ ಹೊರಗೆ ಬರಬೇಕು. ಆದ್ದರಿಂದ ಬಾಗಿಲ ಅಂಚಿಗೆ ರಬ್ಬರಿನ ಪಟ್ಟಿ. ತಂತಿ ಹಾಯುವ ರಂಧ್ರಕ್ಕೂ ಮುಚ್ಚಳ.

ಹಾಗಾದರೆ ಉಸಿರು? ಇಲ್ಲಿಯೇ ಅವನ ಜಾಣ್ಮೆ. ಗಾಳಿಯು ಬರಲು ಒಂದು, ಬಿಸಿಯು ಹೋಗಲು ಇನ್ನೊಂದು, ಹೀಗೆ ಎರಡು ಅಗಲವಾದ ಸುರಂಗಗಳನ್ನು ಮಾಡಿ, ಅವಕ್ಕೂ ಒಳಗೆ ನಾರನ್ನು ಹೊದಿಸಿ, ಎರಡೆರಡು ಕಡೆ ತಿರುಗಿಸಿದನು. ಗಾಳಿಯು ತಿರುವಿನಲ್ಲಿ ಹೊರಳಿಕೊಂಡು ಹೋಗುವುದು. ಶಬ್ದವು ಗೋಡೆಗೆ ಬಡಿದು ಬಡಿದು ನಾರಿನಲ್ಲಿ ಸವೆಯುವುದು. ಹೊಗೆಯ ಹಾದಿಯು ಇವೆರಡರಿಂದಲೂ ಬೇರೆ. ಹೊಸ ಸೈಲೆನ್ಸರನ್ನು ತೊಡಿಸಿ, ಸಂದುಗಳನ್ನೆಲ್ಲ ಬಿಗಿದು, ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದನು. ಎಷ್ಟು ಮೇಲಕ್ಕೆಂಬುದಕ್ಕೂ ಲೆಕ್ಕವುಂಟು: ಕೆವಿಎ ಸಂಖ್ಯೆಯ ವರ್ಗಮೂಲವನ್ನು 0.2ರಿಂದ ಗುಣಿಸಿ ಬಂದಷ್ಟು ಮೀಟರು ಕಟ್ಟಡದ ಎತ್ತರಕ್ಕಿಂತ ಹೆಚ್ಚಾಗಿರಬೇಕು. ನಮ್ಮ 25ಕ್ಕೆ ಅದು ಸರಿಯಾಗಿ ಒಂದು ಮೀಟರು. ಲೆಕ್ಕವನ್ನು ನಾವು ಮಾಡಿಕೊಟ್ಟೆವು. ಆ ಕಾರ್ಯದಲ್ಲಿ ನಮ್ಮಿಂದ ಆದ ಸೇವೆ ಅದೊಂದೇ.

ಹಾಯಿದೋಣಿಗಳಲ್ಲಿ ವಿಹರಿಸುವ ಪರದೇಶದವರಿಗೂ ಇದೇ ಪೇಚಂತೆ. ಮಲಗುವ ಕೋಣೆಯ ಮಗ್ಗುಲಲ್ಲಿಯೇ ಎಂಜಿನ್ನು. ಆದುದರಿಂದ ಅದನ್ನೂ ಪೆಟ್ಟಿಗೆಯೊಳಗಿಟ್ಟು, ಹಗುರವಾದ ಸ್ಪಂಜಿನ ನಡುವೆ ಭಾರವಾದ ಹಾಳೆಯನ್ನು ಸೇರಿಸಿ ಒಳಗೆ ಹೊದಿಸುತ್ತಾರೆ. ಹೊಗೆಯೊಡನೆ ಕಡಲ ನೀರನ್ನೇ ಬೆರೆಸಿ, ಬಿಸಿಯನ್ನೂ ಸದ್ದನ್ನೂ ಒಟ್ಟಿಗೆ ತಣಿಸಿ ಹೊರಕ್ಕೆ ಬಿಡುವ ಉಪಾಯವೂ ಅವರಲ್ಲಿದೆ. ಕಾವೇರಿಯ ನೀರಿಗೆ ಕಾದು ಕುಳಿತಿರುವ ನಮ್ಮ ಬಡಾವಣೆಗೆ ಅದು ಸಲ್ಲದು.

ಈಗ ಯಂತ್ರವು ನಡೆಯುತ್ತಿರುವಾಗಲೂ ಗೂಡಿನ ಪಕ್ಕದಲ್ಲಿ ನಿಂತು, ದನಿಯನ್ನು ಸ್ವಲ್ಪವೇ ಏರಿಸಿ ಮಾತನಾಡಬಹುದು. ಮಂದ್ರವಾದ ಗುಡುಗುಡು ಮಾತ್ರ ಪೂರ್ತಿಯಾಗಿ ಹೋಗಿಲ್ಲ. ದೀರ್ಘವಾದ ಅಲೆಗಳನ್ನು ತೆಳುನಾರು ಹಿಡಿಯಲಾರದೆಂದು ಮೇಸ್ತ್ರಿಯೇ ಮೊದಲು ಹೇಳಿದ್ದನು. ಕಾವಲುಗಾರನ ಕೋಣೆಯಲ್ಲಿ ವಿಷಾನಿಲವನ್ನು ಕಂಡೊಡನೆ ಕೂಗುವ ಪುಟ್ಟ ಸಾಧನವೊಂದನ್ನು ನಮ್ಮ ಪಿಂಚಣಿಯಿಂದ ತಂದು ಗೋಡೆಗೆ ಹಾಕಿಸಿದ್ದೇವೆ. ಕೂಸು ಈಗ ಅಂಬೆಗಾಲಿಡುತ್ತಿದೆ. ಯಂತ್ರ ಹೊರಟರೆ ತಿರುಗಿಯೂ ನೋಡದು. ಅದರ ತಾಯಿಗೆ ಮಾತ್ರ ಇನ್ನೂ ನಂಬಿಕೆ ಸಾಲದು. ದೀಪ ಆರಿದೊಡನೆ ಬಾಗಿಲನ್ನು ವಿಶಾಲವಾಗಿ ತೆರೆದಿಟ್ಟು ಕುಳಿತುಕೊಳ್ಳುವಳು. ನಾವು ಬೇಡವೆಂದು ಹೇಳಿಲ್ಲ. ನಿನ್ನೆ ನೋಡಿದಾಗ ಗೂಡಿನ ಬಾಗಿಲಿನ ರಬ್ಬರಿನ ಪಟ್ಟಿಯು ಒಂದು ಮೂಲೆಯಲ್ಲಿ ಕಿತ್ತುಬಂದಿತ್ತು, ಮೇಸ್ತ್ರಿಗೆ ಹೇಳಿಕಳುಹಿಸಿದ್ದೇವೆ.