ವಯಸ್ಸು ಒಂದೇ, ಮೈಕಟ್ಟು ಬೇರೆ

ಮಳೆಗಾಲದ ನಡುವೆ ಶಾಲಾ ಕ್ರೀಡಾಕೂಟಗಳ ಸುಗ್ಗಿ ಬರುತ್ತದೆ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮಕ್ಕಳು ಟೆಂಪೋ ಹತ್ತಿ ಊರೂರು ತಿರುಗುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಯಾವುದೇ ಮೈದಾನದಲ್ಲಿ 14 ವರ್ಷದೊಳಗಿನವರ ತಂಡ ಸಾಲಾಗಿ ನಿಂತಾಗ ಒಮ್ಮೆ ಕಣ್ಣು ಹಾಯಿಸಿ. ಒಬ್ಬನ ಮೇಲ್ತುಟಿಯಲ್ಲಿ ಮೀಸೆ ಚಿಗುರಿದೆ, ದನಿ ಒಡೆದಿದೆ. ಪಕ್ಕದಲ್ಲಿ ನಿಂತವನು ಅವನ ಭುಜಕ್ಕೆ ಬರುತ್ತಾನೆ, ಅಂಗಿ ಮೊಣಕಾಲ ತನಕ ಜೋತು ಬಿದ್ದಿದೆ. ಇಬ್ಬರ ಶಾಲಾ ದಾಖಲೆಯಲ್ಲೂ ಹುಟ್ಟಿದ ವರ್ಷ ಒಂದೇ. ನೋಡುವವರಿಗೆ ಮೊದಲು ಹೊಳೆಯುವುದು ಒಂದೇ ಅನುಮಾನ: ದೊಡ್ಡವನ ವಯಸ್ಸು ಸುಳ್ಳಿರಬೇಕು.

ಸುಳ್ಳು ಇರುವುದೂ ಉಂಟು. ಆದರೆ ಎಷ್ಟೋ ಸಲ ಇಬ್ಬರ ವಯಸ್ಸೂ ನಿಜವೇ ಆಗಿರುತ್ತದೆ, ಬೇರೆ ಇರುವುದು ಮೈಯ ಗಡಿಯಾರ. ಗಂಡುಮಕ್ಕಳು ಅತಿ ವೇಗವಾಗಿ ಬೆಳೆಯುವುದು ಸರಾಸರಿ 14ನೇ ವಯಸ್ಸಿನ ಸುಮಾರಿಗೆ, ಹೆಣ್ಣುಮಕ್ಕಳು 12ರ ಸುಮಾರಿಗೆ. ಆ ಒಂದು ವರ್ಷದಲ್ಲಿ ಹುಡುಗ ಎಂಟು ಹತ್ತು ಸೆಂಟಿಮೀಟರ್ ಎತ್ತರವಾಗಬಹುದು. ಸರಾಸರಿ ಎಂದರೆ ಎಲ್ಲರಿಗೂ ಹಾಗೆಯೇ ಎಂದಲ್ಲ. ಒಬ್ಬನಿಗೆ ಈ ಹಿಗ್ಗು 12ಕ್ಕೇ ಬಂದರೆ ಇನ್ನೊಬ್ಬನಿಗೆ 16ರ ತನಕ ಬರುವುದಿಲ್ಲ. ಇಬ್ಬರೂ ಆರೋಗ್ಯವಂತರೇ. ಕೊನೆಗೆ ಇಬ್ಬರ ಎತ್ತರವೂ ಸರಿಸಮ ಆಗಬಹುದು. ಆದರೆ 13ನೇ ವಯಸ್ಸಿನಲ್ಲಿ ಇಬ್ಬರನ್ನೂ ಒಂದೇ ಚೆಂಡಿನ ಹಿಂದೆ ಓಡಿಸಿದರೆ ಗೆಲ್ಲುವವನು ಯಾರು ಎಂದು ಕೇಳಬೇಕಿಲ್ಲ.

ನಮ್ಮ ಗಡಿಭಾಗದ ಜನರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಬೇಡಕಿಹಾಳ, ಶಮನೇವಾಡಿ, ಸದಲಗಾ, ಬೋರಗಾಂವದಂಥ ದೂಧಗಂಗಾ ಸೀಮೆಯ ಊರುಗಳು ಕುಸ್ತಿಯ ಊರುಗಳು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರಿಂದ ಈ ಇಡೀ ಪ್ರದೇಶದ ಪೈಲ್ವಾನರ ಕನಸು. ಜಾತ್ರೆಯ ಕುಸ್ತಿಯಲ್ಲಿ ಹಲಗಿ ಬಾರಿಸುವ ಮೊದಲು ನಡೆಯುವ ಮುಖ್ಯ ಕೆಲಸ ಎಂದರೆ ಜೋಡಿ ಹಚ್ಚುವುದು. ಹಿರಿಯ ವಸ್ತಾದರು ಹುಡುಗರನ್ನು ಎದುರುಬದುರು ನಿಲ್ಲಿಸಿ ಭುಜ, ಕುತ್ತಿಗೆ, ತೊಡೆ ನೋಡುತ್ತಾರೆ. ಎಷ್ಟು ವರ್ಷ ತಾಲೀಮು ಮಾಡಿದ್ದಾನೆ, ಹಿಂದೆ ಯಾರ ಸಂಗಡ ಹಿಡಿದಿದ್ದಾನೆ ಎಂದು ವಿಚಾರಿಸುತ್ತಾರೆ. ಜೋಡಿ ಸರಿ ಇಲ್ಲದಿದ್ದರೆ ಸುತ್ತ ಕುಳಿತ ಜನರೇ ಕೂಗುತ್ತಾರೆ. ಜನ್ಮ ದಾಖಲೆ ಯಾರೂ ಕೇಳುವುದಿಲ್ಲ. ತಕ್ಕಡಿ ಇಲ್ಲದ ಕಾಲದಲ್ಲೂ ಮೈಗೆ ಮೈ ಸರಿ ಇರಬೇಕೆಂಬುದು ಮಣ್ಣಿನ ಕುಸ್ತಿಯ ಕಾನೂನು. ಮ್ಯಾಟ್ ಕುಸ್ತಿಗೆ ತೂಕದ ವಿಭಾಗಗಳು ಬಂದವು. ಕಿರಿಯರ ಕಬಡ್ಡಿಯಲ್ಲೂ ವಯಸ್ಸಿನ ಜೊತೆಗೆ ತೂಕದ ಮಿತಿ ಇದೆ.

ಫುಟ್‌ಬಾಲಿಗೆ ಮಾತ್ರ ಇಂಥ ತಕ್ಕಡಿ ಇಲ್ಲ. ಅಲ್ಲಿ ಇರುವುದು ಹುಟ್ಟಿದ ತಾರೀಖು ಒಂದೇ. ಇದರಲ್ಲಿ ಒಂದು ಸೋಜಿಗವೂ ಉಂಟು. ಫುಟ್‌ಬಾಲ್ ಹುಚ್ಚಿಗೆ ಹೆಸರಾದ ಕೊಲ್ಹಾಪುರದಲ್ಲಿ ಹಲವು ದೊಡ್ಡ ಫುಟ್‌ಬಾಲ್ ತಂಡಗಳ ಹೆಸರೇ ತಾಲೀಮು: ಖಂಡೋಬಾ ತಾಲೀಮು, ಪಾಟಾಕಡೀಲ ತಾಲೀಮು, ಬಾಲಗೋಪಾಲ ತಾಲೀಮು, ದಿಲಬಹಾರ ತಾಲೀಮು. ಪೇಟೆಪೇಟೆಯ ಗರಡಿಗಳ ಹೆಸರನ್ನೇ ಚೆಂಡಿನ ತಂಡಗಳೂ ಹೊತ್ತಿವೆ. ಹೆಸರು ಬಂತು, ಜೋಡಿ ಹಚ್ಚುವ ಪದ್ಧತಿ ಬರಲಿಲ್ಲ. ಬರುವುದು ಸುಲಭವೂ ಅಲ್ಲ. ಹನ್ನೊಂದು ಮಂದಿ ಆಡುವ ಆಟದಲ್ಲಿ ಯಾರಿಗೆ ಯಾರನ್ನು ಜೋಡಿ ಮಾಡುವುದು?

ಹಾಗಾದರೆ ತಾರೀಖಿನ ಲೆಕ್ಕ ಏನು ಮಾಡುತ್ತದೆ? ಶಾಲಾ ಪಂದ್ಯಗಳಲ್ಲಿ ಜನವರಿ 1 ಗಡಿ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಿಭಾಗದವರು. ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅನ್ನ, ಓಟ, ಅನುಭವ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದನ್ನು ರೋಜರ್ ಬಾರ್ನ್‌ಸ್ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಇದು ಗ್ರಹಗತಿಯ ಮಹಿಮೆ ಎಂದು ಯಾರಾದರೂ ವಾದಿಸಬಹುದಿತ್ತು. ಬೆಲ್ಜಿಯಂ ಅದಕ್ಕೆ ಉತ್ತರ ಕೊಟ್ಟಿತು. ಅಲ್ಲಿ ಕಿರಿಯರ ಫುಟ್‌ಬಾಲಿನ ಗಡಿ ಆಗಸ್ಟ್ 1 ಇದ್ದದ್ದು 1997ರಲ್ಲಿ ಜನವರಿ 1 ಆಯಿತು. ಆಗಸ್ಟ್, ಸೆಪ್ಟೆಂಬರಿನ ಹುಡುಗರು ತುಂಬಿದ್ದ ತಂಡಗಳಲ್ಲಿ ಈಗ ಜನವರಿ, ಫೆಬ್ರುವರಿಯವರು ತುಂಬಿಕೊಂಡರು. ನಕ್ಷತ್ರ ಬದಲಾಗಲಿಲ್ಲ, ಕಚೇರಿಯ ಒಂದು ಆದೇಶ ಬದಲಾಯಿತು, ಅಷ್ಟೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ತಿರುವು ಇದೆ. ಒಂದು ತಲೆಮಾರಿನ ಕನ್ನಡಿಗರ ಜನ್ಮದಿನ ಒಟ್ಟಾಗಿ ಜೂನ್ 1ರಂದು ಬರುವುದು ಎಲ್ಲರಿಗೂ ಗೊತ್ತಿರುವ ತಮಾಷೆ. ಹೆಸರು ಹಚ್ಚಲು ಬಂದ ತಂದೆಗೆ ತಾರೀಖು ನೆನಪಿಲ್ಲ, ಹೆಡ್‌ಮಾಸ್ತರರು ಶಾಲೆ ತೆರೆಯುವ ದಿನಕ್ಕೆ ಹೊಂದಿಸಿ ಬರೆದರು. ಜನನ ನೋಂದಣಿ ಸುಧಾರಿಸಿದಂತೆ ಇದು ಕಡಿಮೆಯಾಗಿದೆ. ಆದರೆ ಕಾಗದದ ವಯಸ್ಸಿನ ಮೇಲೆ ನಂಬಿಕೆ ಬರಲಿಲ್ಲ. ಅದಕ್ಕೇ ಈಗ ಮೂಳೆಯನ್ನು ಕೇಳುತ್ತಾರೆ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆ ತಂದಿತು. ನಮ್ಮ ಫುಟ್‌ಬಾಲ್ ಮತ್ತು ಕ್ರಿಕೆಟ್ ಆಡಳಿತಗಳು ಕೈ ಎಕ್ಸ್‌ರೇ ನೋಡಿ ಅಂಕ ಕೊಡುವ ಟ್ಯಾನರ್-ವೈಟ್‌ಹೌಸ್ ವಿಧಾನವನ್ನು ಬಳಸುತ್ತ ಬಂದಿವೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಮೂಳೆ ಹೇಳುವುದು ಹುಡುಗ ಎಷ್ಟು ಬಲಿತಿದ್ದಾನೆ ಎಂಬುದನ್ನು, ಎಂದು ಹುಟ್ಟಿದ ಎಂಬುದನ್ನಲ್ಲ. ನಿಜವಾಗಿ 14 ವರ್ಷದವನೇ ಆಗಿ ಬೇಗ ಬಲಿತವನಿದ್ದರೆ ಎಕ್ಸ್‌ರೇ ಅವನನ್ನು 16 ಎಂದು ಹೇಳಬಹುದು. ಮೋಸ ಮಾಡದ ಮಗು ಮೋಸಗಾರನ ಸಾಲಿನಲ್ಲಿ ನಿಲ್ಲುತ್ತದೆ. ತಡವಾಗಿ ಬಲಿಯುವವನಿಗೆ ಈ ಪರೀಕ್ಷೆಯ ಭಯವಿಲ್ಲ. ಅವನು ಅಷ್ಟು ದೂರ ಹೋಗುವುದೇ ಅಪರೂಪ, ಮೊದಲ ಆಯ್ಕೆಯಲ್ಲೇ ಉದುರಿರುತ್ತಾನೆ.

ಆಯ್ಕೆ ಎಂದರೆ ನಮ್ಮ ಭಾಗದ ಮನೆಗಳಲ್ಲಿ ಅದು ಬರೀ ಆಟದ ವಿಷಯವಲ್ಲ. ಸರಕಾರದ ಕ್ರೀಡಾ ನಿಲಯ ಸಿಕ್ಕರೆ ಊಟ, ವಸತಿ, ಶಾಲೆ, ತರಬೇತಿ ಎಲ್ಲ ಸಿಕ್ಕಂತೆ. ಆಮೇಲೆ ಪೊಲೀಸ್, ಸೈನ್ಯ, ರೈಲ್ವೆ ನೌಕರಿಯ ದಾರಿ. ಕಬ್ಬಿನ ಗದ್ದೆಯ ಕೂಲಿಯ ಮೇಲೆ ನಡೆಯುವ ಮನೆಗೆ ಇದು ಚಿಕ್ಕ ಮಾತಲ್ಲ. ಇಂಥ ಆಯ್ಕೆಗಳಲ್ಲಿ ಎತ್ತರ, ತೂಕ, ನಿಂತಲ್ಲಿಂದ ಉದ್ದ ಜಿಗಿತ, ಓಟ ನೋಡುತ್ತಾರೆ. ಎಂಟನೇ ತರಗತಿಯ ಪ್ರವೇಶಕ್ಕೆ ಬರುವ ಹುಡುಗನಿಗೆ ಸುಮಾರು 13 ವರ್ಷ. ಅಂದರೆ ಹೆಚ್ಚಿನ ಹುಡುಗರಿಗೆ ಬೆಳವಣಿಗೆಯ ಹಿಗ್ಗು ಬರುವ ಹಿಂದಿನ ವರ್ಷವೇ ಅವರನ್ನು ಅಳೆದು ಮುಗಿಸುತ್ತೇವೆ. ಅಳೆಯುವುದು ತಪ್ಪಲ್ಲ, ಅಳತೆಯನ್ನು ಓದುವ ರೀತಿ ತಪ್ಪು ಎಂದು ನನಗೆ ಅನಿಸುತ್ತದೆ.

ಓದುವ ರೀತಿ ನಮ್ಮ ದೈಹಿಕ ಶಿಕ್ಷಕರಿಗೆ ಹೊಸದಲ್ಲ. ದೈಹಿಕ ಶಿಕ್ಷಣದ ಪದವಿ ಓದಿದವರೆಲ್ಲ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಒಂದು ಸೂತ್ರವಿದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮೆಕ್‌ಲಾಯ್ 1930ರ ದಶಕದಲ್ಲಿ ಪ್ರಚಾರಕ್ಕೆ ತಂದದ್ದು. ಪ್ರೌಢಶಾಲೆಯ ಹುಡುಗರಿಗೆ ವಯಸ್ಸನ್ನು 20ರಿಂದ ಗುಣಿಸಿ, ಇಂಚಿನಲ್ಲಿ ಎತ್ತರವನ್ನು 6ರಿಂದ ಗುಣಿಸಿ, ಪೌಂಡಿನಲ್ಲಿ ತೂಕವನ್ನು ಕೂಡಬೇಕು. ಬಂದ ಅಂಕಕ್ಕೆ ತಕ್ಕಂತೆ ಗುಂಪು ಮಾಡಬೇಕು. ಲೆಕ್ಕಕ್ಕೆ ಇಬ್ಬರು 13 ವರ್ಷದವರನ್ನು ತೆಗೆದುಕೊಳ್ಳೋಣ. ಒಬ್ಬ 58 ಇಂಚು, 75 ಪೌಂಡು; ಅವನ ಅಂಕ 683. ಇನ್ನೊಬ್ಬ 64 ಇಂಚು, 110 ಪೌಂಡು, ಅವನದು 754. ವ್ಯತ್ಯಾಸ 71. ಈ ಸೂತ್ರದಲ್ಲಿ ಒಂದು ವರ್ಷಕ್ಕೆ 20 ಅಂಕ, ಆದ್ದರಿಂದ ಒಂದೇ ತರಗತಿಯ ಈ ಇಬ್ಬರ ನಡುವೆ ಮೂರೂವರೆ ವರ್ಷದ ಅಂತರ ಇದ್ದಂತಾಯಿತು. ಪರೀಕ್ಷೆ ಮುಗಿದ ಮೇಲೆ ಈ ಸೂತ್ರ ಮೈದಾನಕ್ಕೆ ಇಳಿಯುವುದಿಲ್ಲ ಎಂಬುದು ಬೇರೆ ಮಾತು.

ಇಂಗ್ಲೆಂಡಿನಲ್ಲಿ ಇದೇ ವಿಚಾರ ಹೊಸ ಅಂಗಿ ತೊಟ್ಟು ಬಂದಿದೆ. ಹುಡುಗನ ಈಗಿನ ಎತ್ತರ, ತೂಕ ಮತ್ತು ತಂದೆತಾಯಿಯ ಎತ್ತರ ಸೇರಿಸಿ ಅವನು ಕೊನೆಗೆ ಎಷ್ಟು ಬೆಳೆಯಬಹುದೆಂದು ಅಂದಾಜು ಮಾಡುತ್ತಾರೆ. ಅದರಲ್ಲಿ ಈಗಾಗಲೇ ಶೇಕಡಾ ಎಷ್ಟು ಮುಗಿಸಿದ್ದಾನೆ ಎಂಬುದರ ಮೇಲೆ ಗುಂಪು. ನಮ್ಮ ಚಿಕ್ಕ ಹುಡುಗ 148 ಸೆಂಟಿಮೀಟರ್ ಇದ್ದು 168ಕ್ಕೆ ಹೋಗುವವನಾದರೆ ಶೇ 88 ಮುಗಿಸಿದ್ದಾನೆ. ದೊಡ್ಡವನು 162 ಇದ್ದು 171ಕ್ಕೆ ನಿಲ್ಲುವವನಾದರೆ ಶೇ 95ರ ಹತ್ತಿರ ಬಂದಿದ್ದಾನೆ. ಇಂದು ಕಾಣುವ 14 ಸೆಂಟಿಮೀಟರಿನ ಅಂತರ ಕೊನೆಗೆ ಮೂರಕ್ಕೆ ಇಳಿಯುತ್ತದೆ. ಬಾತ್ ವಿಶ್ವವಿದ್ಯಾಲಯದ ಷಾನ್ ಕಮಿಂಗ್ ಮತ್ತು ಸಂಗಡಿಗರು ನಾಲ್ಕು ಪ್ರೀಮಿಯರ್ ಲೀಗ್ ಕ್ಲಬ್ಬುಗಳ 11ರಿಂದ 14 ವರ್ಷದ 66 ಹುಡುಗರನ್ನು ಹೀಗೆ ಶೇ 85ರಿಂದ 90ರ ಗುಂಪಿನಲ್ಲಿ ಆಡಿಸಿ ಅವರ ಅನುಭವ ಕೇಳಿದರು. ತಡವಾಗಿ ಬಲಿಯುವವರು ತಮ್ಮ ಕೌಶಲ ತೋರಿಸಲು, ತಂಡವನ್ನು ಮುನ್ನಡೆಸಲು ಅವಕಾಶ ಸಿಕ್ಕಿತೆಂದರು. ಬೇಗ ಬಲಿತವರು ಹೇಳಿದ್ದು ಇನ್ನೂ ಸ್ವಾರಸ್ಯ: ದಬ್ಬಿ ನುಗ್ಗಲು ಆಗಲಿಲ್ಲ, ಪಾಸು ಕೊಟ್ಟು ತಲೆ ಓಡಿಸಿ ಆಡಬೇಕಾಯಿತು.

ಈ ಕೊನೆಯ ಮಾತನ್ನು ದೊಡ್ಡ ಮೈಯ ಹುಡುಗರ ತಂದೆತಾಯಿ ಗಮನಿಸಬೇಕು. ನಾವು ಚಿಕ್ಕವನ ಬಗ್ಗೆ ಮರುಗುತ್ತೇವೆ, ದೊಡ್ಡವನು ಅದೃಷ್ಟವಂತ ಎಂದುಕೊಳ್ಳುತ್ತೇವೆ. 13ರಲ್ಲಿ ಅವನಿಗೆ ಚೆಂಡು ನಿಲ್ಲಿಸುವುದು, ತಿರುಗುವುದು, ಎರಡೂ ಕಾಲಿನಲ್ಲಿ ಒದೆಯುವುದು ಬೇಕಾಗುವುದಿಲ್ಲ. ಮುಂದಕ್ಕೆ ಒದ್ದು ಓಡಿದರೆ ಗೋಲು. ಶಿಕ್ಷಕರಿಗೂ ಕಪ್ಪು ಬೇಕು, ಹಾಗಾಗಿ ಯಾರೂ ತಿದ್ದುವುದಿಲ್ಲ. 17ಕ್ಕೆ ಉಳಿದವರು ಅವನ ಎತ್ತರಕ್ಕೆ ಬರುತ್ತಾರೆ. ಆಗ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಇತ್ತ ಹೇಗೋ ತಂಡದಲ್ಲಿ ಉಳಿದುಕೊಂಡ ಸಣ್ಣವನು ಅಷ್ಟು ವರ್ಷ ಡಿಕ್ಕಿ ತಪ್ಪಿಸಿಕೊಳ್ಳಲೆಂದೇ ಚೆಂಡಿನ ಹಿಡಿತ ಕಲಿತಿರುತ್ತಾನೆ. ಆದರೆ ಹೇಗೋ ಉಳಿದುಕೊಳ್ಳಬೇಕಲ್ಲ! ಬಾಲ್ಯದಲ್ಲಿ ಬೆಳವಣಿಗೆಯ ಹಾರ್ಮೋನಿನ ಕೊರತೆಗೆ ಚಿಕಿತ್ಸೆ ಪಡೆದ ಲಯೊನೆಲ್ ಮೆಸ್ಸಿಯ ಹೆಸರು ಹೇಳಿ ಸಮಾಧಾನ ಮಾಡುವವರಿದ್ದಾರೆ. ಆ ಚಿಕಿತ್ಸೆಯ ವೆಚ್ಚ ವಹಿಸಲು ಬಾರ್ಸಿಲೋನಾದಂಥ ಕ್ಲಬ್ ಮುಂದೆ ಬಂತು ಎಂಬುದನ್ನು ಅವರು ಹೇಳುವುದಿಲ್ಲ.

ನಮಗೆ ಹತ್ತಿರದ ಹೆಸರು ಖಾಶಾಬಾ ಜಾಧವ. ಕರಾಡ ಬಳಿಯ ಗೋಳೇಶ್ವರದವರು, ಎತ್ತರ ಐದೂವರೆ ಅಡಿಯೊಳಗೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ವಾರ್ಷಿಕ ಕ್ರೀಡೆಗೆ ಹೆಸರು ಕೊಡಲು ಹೋದಾಗ ಅವರ ತೆಳು ಮೈ ನೋಡಿ ಕ್ರೀಡಾ ಶಿಕ್ಷಕರು ವಾಪಸು ಕಳಿಸಿದರಂತೆ. ಪ್ರಿನ್ಸಿಪಾಲರ ತನಕ ಹೋಗಿ ಅನುಮತಿ ತಂದು ತಮಗಿಂತ ಗಟ್ಟಿಗರನ್ನು ಕೆಡವಿದರು ಎಂದು ಹೇಳುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನ ಫ್ಲೈವೇಟ್ ವಿಭಾಗದಲ್ಲಿ ಅವರಿಗೆ ಆರನೆಯ ಸ್ಥಾನ, 1952ರ ಹೆಲ್ಸಿಂಕಿಯ 57 ಕಿಲೊ ವಿಭಾಗದಲ್ಲಿ ಕಂಚು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಕುಸ್ತಿಯಲ್ಲಿ ತೂಕದ ವಿಭಾಗಗಳೇ ಇಲ್ಲದಿದ್ದರೆ ಆ ಮೈಗೆ ಒಲಿಂಪಿಕ್ಸ್‌ನಲ್ಲಿ ಜಾಗ ಎಲ್ಲಿತ್ತು?

ಹಾಗೆಂದು ಫುಟ್‌ಬಾಲನ್ನು ತಕ್ಕಡಿಗೆ ಹಾಕಿ ಎಂದು ಯಾರೂ ಹೇಳುತ್ತಿಲ್ಲ. ಇಂಗ್ಲೆಂಡಿನವರೂ ವಯಸ್ಸಿನ ಪಂದ್ಯಗಳನ್ನು ಬಿಟ್ಟಿಲ್ಲ, ನಡುನಡುವೆ ಹೀಗೊಂದು ಪಂದ್ಯ ಆಡಿಸುತ್ತಾರೆ. ದೊಡ್ಡವರ ಜೊತೆ ಆಡುವುದನ್ನೂ ಸಣ್ಣವನು ಕಲಿಯಬೇಕಲ್ಲವೇ? ಬೆಲ್ಜಿಯಂ ತಡವಾಗಿ ಬಲಿಯುವವರಿಗೆಂದೇ ಬೇರೆ ಕಿರಿಯರ ತಂಡ ಕಟ್ಟಿ ಅವರನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿತು. ಇನ್ನು ಅಲ್ಲಿಯ ಎತ್ತರದ ಸೂತ್ರವನ್ನು ಇಲ್ಲಿ ಹಾಗೆಯೇ ನಂಬುವಂತಿಲ್ಲ. ಅದನ್ನು ಕಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಬಿಳಿಯ ಮಕ್ಕಳ ಅಳತೆಗಳ ಮೇಲೆ. ಬೇಡಕಿಹಾಳದ ಹುಡುಗ ಸಣ್ಣಗಿರುವುದು ತಡವಾಗಿ ಬಲಿಯುವುದರಿಂದಲೋ, ಮನೆತನವೇ ಗಿಡ್ಡ ಆಗಿರುವುದರಿಂದಲೋ, ಹೊಟ್ಟೆಗೆ ಸಾಲದಿರುವುದರಿಂದಲೋ? ಒಂದು ದಿನದ ಆಯ್ಕೆಯಲ್ಲಿ ನೋಡಿ ಹೇಳಲು ವೈದ್ಯರಿಗೂ ಕಷ್ಟ.

ಇದಕ್ಕೆ ಬೇಕಾದ ಸಾಮಾನು ಮಾತ್ರ ಅಗ್ಗ. ಶಾಲೆಯ ಗೋಡೆಗೆ ಒಂದು ಅಳತೆಪಟ್ಟಿ, ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ಕು. ಮೂರು ತಿಂಗಳಿಗೊಮ್ಮೆ ಬರಿಗಾಲಲ್ಲಿ ನಿಲ್ಲಿಸಿ ಎತ್ತರ ಬರೆದಿಟ್ಟರೆ ವರ್ಷದಲ್ಲಿ ಯಾರ ಹಿಗ್ಗು ಶುರುವಾಗಿದೆ, ಯಾರದು ಮುಗಿಯುತ್ತ ಬಂದಿದೆ, ಯಾರದು ಇನ್ನೂ ಬಂದೇ ಇಲ್ಲ ಎಂಬುದು ಕಾಣುತ್ತದೆ. ತಂದೆತಾಯಿಯ ಎತ್ತರವನ್ನು ಸೆಂಟಿಮೀಟರಿನಲ್ಲಿ ಕೂಡಿ, ಗಂಡುಮಗುವಿಗೆ 13 ಸೇರಿಸಿ, ಹೆಣ್ಣುಮಗುವಿಗೆ 13 ಕಳೆದು, ಎರಡರಿಂದ ಭಾಗಿಸಿದರೆ ಒರಟು ಅಂದಾಜು ಸಿಗುತ್ತದೆ. ಎಂಟೊಂಬತ್ತು ಸೆಂಟಿಮೀಟರ್ ಆಚೆಈಚೆ ಆಗುವುದು ಸಹಜ.

ಆ ನೋಟ್‌ಬುಕ್ಕಿಗೆ ಇನ್ನೊಂದು ಉಪಯೋಗವೂ ಇದೆ. ಹಿಗ್ಗಿನ ತಿಂಗಳುಗಳಲ್ಲಿ ಹುಡುಗನ ಕಾಲು ಉದ್ದವಾಗಿ, ನಿನ್ನೆ ತನಕ ಸಲೀಸಾಗಿ ಒದೆಯುತ್ತಿದ್ದ ಚೆಂಡು ತಪ್ಪತೊಡಗುತ್ತದೆ. ಮೊಣಕಾಲ ಕೆಳಗಿನ ಮೂಳೆಯ ಉಬ್ಬು ನೋಯುತ್ತದೆ. ವೈದ್ಯರು ಅದನ್ನು ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಸೋಮಾರಿ ಎಂದು ಗದರಿಸಿ ಇನ್ನೆರಡು ಸುತ್ತು ಓಡಿಸುವ ಬದಲು, ಪುಟ ತಿರುವಿ ಮೂರು ತಿಂಗಳಲ್ಲಿ ಮೂರು ಸೆಂಟಿಮೀಟರ್ ಏರಿದ್ದಾನೆಯೇ ಎಂದು ನೋಡಬಹುದು. ಏರಿದ್ದರೆ ಕೆಲವು ವಾರ ಜಿಗಿತ, ಓಟ ಕಡಿಮೆ ಮಾಡಿಸಿದರಾಯಿತು, ನೋವು ಹೆಚ್ಚಾದರೆ ವೈದ್ಯರಿಗೆ ತೋರಿಸಿದರಾಯಿತು.