ಕರೆಂಟಿನಿಂದ ಬಂದ ಹಾಡು

ಬೇಲೂರು, ಹಳೇಬೀಡಿನ ಗುಡಿಗಳಲ್ಲಿ ವಾದ್ಯ ನುಡಿಸುವ ಗೊಂಬೆಗಳನ್ನು ನಾವು ನೋಡಿದ್ದೇವೆ. ಮದ್ದಳೆ ಬಡಿದರೆ ಚರ್ಮ ನಡುಗುತ್ತೆ, ಸದ್ದು ಬರುತ್ತೆ. ವೀಣೆ ಮೀಟಿದರೆ ತಂತಿ ನಡುಗುತ್ತೆ. ಚರ್ಮ, ತಂತಿ ಇಲ್ಲದೆ ಸದ್ದು ಬರುತ್ತಾ?

ಬರುತ್ತೆ. ಕೀಬೋರ್ಡ್ ಎಂಬ ವಾದ್ಯ ಇದೆ. ಅದರ ಮನೆ ಒತ್ತಿದರೆ ಒಳಗೆ ಕರೆಂಟು ನಡುಗುತ್ತೆ. ಸ್ಪೀಕರು ಅದನ್ನು ಸದ್ದು ಮಾಡುತ್ತೆ. ಕೊಳಲು, ಪಿಟೀಲು, ತಬಲ, ಎಲ್ಲದರ ದನಿಯೂ ಒಂದರಲ್ಲೇ!

ಕನ್ನಡ ಸಿನಿಮಾದಲ್ಲಿ ಈ ಹೊಸ ಸದ್ದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಹಂಸಲೇಖ ಮುಖ್ಯರು. 1951ರಲ್ಲಿ ಹುಟ್ಟಿದ ಅವರ ಮೊದಲ ಹೆಸರು ಗಂಗರಾಜು. 1987ರಲ್ಲಿ 'ಪ್ರೇಮಲೋಕ' ಬಂತು. ಹಾಡುಗಳ ಮಾತು, ರಾಗ ಎರಡೂ ಅವರದೇ. 'ಗಾನಯೋಗಿ ಪಂಚಾಕ್ಷರಿ ಗವಾಯಿ' ಚಿತ್ರದ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಯಂತ್ರ ಬಂದರೆ ಕೈಕೆಲಸ ಹೋಗುತ್ತೆ ಅಂತೀವಿ. ನಿಜ. ಹತ್ತು ಜನರ ವಾದ್ಯವನ್ನು ಒಬ್ಬರೇ ನುಡಿಸಬಹುದು. ಅರಸೀಕೆರೆ ಕಡೆಯ ಹಳ್ಳಿಗಳಲ್ಲೂ ಹಿಟ್ಟಿನ ಗಿರಣಿ ಬಂತು, ಬೀಸುವ ಕಲ್ಲು ಮೂಲೆ ಸೇರಿತು. ಕಲ್ಲಿನ ಜೊತೆ ಎಷ್ಟೋ ಪದಗಳೂ ಹೋದವು.

ಆದರೆ ಕೀಬೋರ್ಡು ತಾನಾಗಿ ಹಾಡು ಕಟ್ಟುವುದಿಲ್ಲ. ಹಾಡು ಕಟ್ಟಲು ಮನುಷ್ಯರೇ ಬೇಕು. ಅವ್ವ, ಅಜ್ಜಿ ಕಟ್ಟಿದ ಪದಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಈಗ ನಮಗೆ ಅಕ್ಷರವೂ ಬಂದಿದೆ. ಮರೆಯುವ ಮೊದಲೇ ಬರೆದಿಡೋಣ.