ದುಂಡಕ್ಷರ ಯಂತ್ರಕ್ಕೆ ಭಾರವೇ?

ಫಲಕದ ಶೇ 60ರಷ್ಟು ಜಾಗ ಕನ್ನಡಕ್ಕಿರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಹುಬ್ಬಳ್ಳಿಯ ಕೇಶ್ವಾಪುರದ ಅಂಗಡಿಯವರಿಗೂ ಕನ್ನಡ ಬೋರ್ಡು ಬರೀ ಅಭಿಮಾನದ ಮಾತಾಗಿ ಉಳಿದಿಲ್ಲ. ಆಕ್ರಿಲಿಕ್ ಮೇಲೋ ಹಿತ್ತಾಳೆಯ ಮೇಲೋ ಅಕ್ಷರ ಕೊರೆಯುವ ಕೆಲಸ ಈಗ ಕಂಪ್ಯೂಟರ್ ನಡೆಸುವ ರೂಟರ್ ಯಂತ್ರದ್ದು. ಕನ್ನಡದ ಒತ್ತು, ಕೊಂಬು, ಸುರುಳಿಗಳಿಂದ ಯಂತ್ರ ನಿಧಾನವಾಗುತ್ತದೆ, ನೇರ ಗೆರೆಯ ಇಂಗ್ಲಿಷ್ ಅಕ್ಷರವೇ ಅದಕ್ಕೆ ಸಲೀಸು ಎಂದು ಯಾರಿಗಾದರೂ ಅನಿಸಬಹುದು. ಲೆಕ್ಕ ಹಾಕಿದರೆ ತಪ್ಪು ಅಕ್ಷರದ್ದಲ್ಲ, ಕೊರೆಯುವ ಮೊನೆಗೆ, ಅಂದರೆ ಬಿಟ್‌ಗೆ, ನಾವು ಹಾಕಿಕೊಡುವ ದಾರಿಯದ್ದು.

ದಾರಿ ಎಂದೊಡನೆ ಹೊಳೆಯುವುದು ಖಾಲಿ ಓಟ: ಒಂದು ತುಂಡು ಕೊರೆದು, ಬಿಟ್ ಎತ್ತಿ, ಮುಂದಿನದಕ್ಕೆ ಸಾಗುವುದು. ಯಾವ ಕ್ರಮದಲ್ಲಿ ಹೋದರೆ ಒಟ್ಟು ದೂರ ಕಡಿಮೆ? ಗಣಿತದಲ್ಲಿ ಇದು ಹೆಸರಾಂತ ಒಗಟು. ಊರೂರು ತಿರುಗುವ ಮಾರಾಟಗಾರನ ಸಮಸ್ಯೆ. ಡ್ಯಾಂಟ್‌ಜಿಗ್, ಫಲ್ಕರ್‌ಸನ್, ಜಾನ್ಸನ್ 1954ರಲ್ಲಿ ಅಮೆರಿಕದ 49 ಊರುಗಳಿಗೆ ಅದನ್ನು ಬಿಡಿಸಿದ್ದೇ ದೊಡ್ಡ ಸುದ್ದಿ. 20 ತುಂಡುಗಳಿದ್ದರೆ ಸಾಧ್ಯವಿರುವ ಕ್ರಮಗಳು ಸುಮಾರು 24,000 ಕೋಟಿ ಕೋಟಿ. ಸೆಕೆಂಡಿಗೆ ನೂರು ಕೋಟಿ ಪರೀಕ್ಷಿಸಿದರೂ 77 ವರ್ಷ ಬೇಕು. ಆದರೆ ‘ಕೇಶ್ವಾಪುರ’ ಎಂಬ ಹೆಸರಿನಲ್ಲಿ ದೀರ್ಘ, ಒತ್ತು ಎಲ್ಲ ಬಿಡಿಸಿ ಎಣಿಸಿದರೂ ಆರೇಳು ತುಂಡು. ಏಳಕ್ಕೆ 5,040 ಕ್ರಮ, ಕಂಪ್ಯೂಟರಿಗೆ ಕ್ಷಣದ ಕೆಲಸ. ದೊಡ್ಡ ಬೋರ್ಡಿಗೂ ಹತ್ತಿರದ ತುಂಡಿಗೆ ಹೋಗುತ್ತ, ಆಮೇಲೆ ಒಂದನ್ನೊಂದು ದಾಟುವ ದಾರಿಗಳನ್ನು ಬಿಡಿಸುತ್ತ ಬಂದರೆ ಸಾಕಷ್ಟು ಒಳ್ಳೆಯ ಉತ್ತರ ಸಿಗುತ್ತದೆ. ತುಂಡುಗಳ ನಡುವಿನ ಅಂತರವೇ ಕೆಲವು ಮಿಲಿಮೀಟರ್ ಇರುವಾಗ ಇಲ್ಲಿ ಉಳಿಯುವುದೂ ಅಷ್ಟಕ್ಕಷ್ಟೆ.

ಹೊತ್ತು ಹೋಗುವುದು ಕೊರೆಯುವಾಗಲೇ. ರೂಟರ್ ತನ್ನ ವೇಗವನ್ನು ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 200 ಮಿ.ಮೀ.ನಷ್ಟು ಏರಿಸಬಲ್ಲದು, ಅಷ್ಟೇ ಇಳಿಸಬಲ್ಲದು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 3,000 ಮಿ.ಮೀ. ಎಂದು ಫೀಡ್ (ಕೊರೆಯುತ್ತ ಸಾಗುವ ವೇಗ) ಕೊಟ್ಟರೆ ಆ ವೇಗ ಮುಟ್ಟಲು 6.25 ಮಿ.ಮೀ., ನಿಲ್ಲಲು ಇನ್ನೊಂದು 6.25 ಮಿ.ಮೀ. ಬೇಕು. ಇಂಗ್ಲಿಷಿನ ನೇರ ಗೆರೆಯ ದೊಡ್ಡಕ್ಷರ ‘E’ಯ ಹೊರಗೆರೆಯಲ್ಲಿ 12 ಮೂಲೆಗಳು. ಪ್ರತಿ ಮೂಲೆಯಲ್ಲೂ ಯಂತ್ರ ಹೆಚ್ಚುಕಡಿಮೆ ನಿಂತು ಹೊರಡಬೇಕು. ಅಕ್ಷರ ಸಣ್ಣದಿದ್ದರೆ ಕೇಳಿದ ಫೀಡ್ ಒಮ್ಮೆಯೂ ಕೈಗೂಡದು. ಕನ್ನಡದ 2 ಮಿ.ಮೀ. ತ್ರಿಜ್ಯದ ಬಾಗಿನಲ್ಲಾದರೋ ಅದೇ ಯಂತ್ರ ಎಲ್ಲೂ ನಿಲ್ಲದೆ ಸೆಕೆಂಡಿಗೆ 20 ಮಿ.ಮೀ. ಸಾಗಬಲ್ಲದು. ದುಂಡು ಅನುಕೂಲವೇ ಆಯಿತಲ್ಲ! ಆದರೆ ಆ ದುಂಡನ್ನು ನಾವು ಯಂತ್ರಕ್ಕೆ ದುಂಡಾಗಿ ಹೇಳುವುದಿಲ್ಲ. ಬಾಗನ್ನು 0.02 ಮಿ.ಮೀ. ನೇರ ಗೆರೆಗಳಾಗಿ ಕತ್ತರಿಸಿ ಕಳಿಸಿದರೆ, ಆ ವೇಗಕ್ಕೆ ಸೆಕೆಂಡಿಗೆ 1,000 ಆದೇಶ ಓದಬೇಕು. ಹದಿನಾರೇ ಗೆರೆ ಮುಂದೆ ನೋಡಬಲ್ಲ ಅಗ್ಗದ ನಿಯಂತ್ರಕಕ್ಕೆ ಕಾಣುವುದು 0.32 ಮಿ.ಮೀ. ದಾರಿ ಮಾತ್ರ, ಮಂಜಿನಲ್ಲಿ ಓಡುವ ಬಸ್ಸಿನಂತೆ ಕಂಡಷ್ಟರೊಳಗೆ ನಿಲ್ಲುವ ಹಾಗೆ ಅದು ವೇಗವನ್ನು ಸೆಕೆಂಡಿಗೆ 11 ಮಿ.ಮೀ.ಗೆ ಇಳಿಸಿಕೊಳ್ಳುತ್ತದೆ. ಗೆರೆಯನ್ನು 0.4 ಮಿ.ಮೀ.ಗೆ ಹಿಗ್ಗಿಸಿದರೂ ಆಕಾರದಲ್ಲಿ ಬರುವ ತಪ್ಪು ಮಿಲಿಮೀಟರಿನ ನೂರನೇ ಒಂದು ಪಾಲು, ಕಣ್ಣಿಗೆ ಕಾಣದು. ಜಿ2, ಜಿ3 ಆದೇಶಗಳಿಂದ ನೇರವಾಗಿ ಚಾಪವನ್ನೇ ಕೊಟ್ಟರಂತೂ ಹತ್ತಾರು ಸಾಲುಗಳ ಬದಲು ಒಂದೇ ಸಾಲು.

ಒಂದು ನೇಮ್ ಪ್ಲೇಟಿಗೆ ಅರ್ಧ ನಿಮಿಷ ಉಳಿಸಿ ಏನು ಬಂತು ಎಂದು ಕೇಳಬಹುದು. ಪ್ರಶ್ನೆ ಹೊತ್ತಿನದಷ್ಟೇ ಅಲ್ಲ. ಬಿಟ್ ತಿರುಗುವ ವೇಗ ಹಾಗೇ ಇದ್ದು ಸಾಗುವ ವೇಗ ಕುಸಿದರೆ ಅದು ಕತ್ತರಿಸುವ ಬದಲು ಉಜ್ಜುತ್ತದೆ. ಆಕ್ರಿಲಿಕ್ ಬಿಸಿಯಾಗಿ ಕರಗಿ, ಪುಡಿ ಅಂಚಿಗೇ ಅಂಟಿಕೊಳ್ಳುತ್ತದೆ. ನೂರಾರು ಸಾಲು ಮುಂದೆ ನೋಡುವ ನಿಯಂತ್ರಕ ತಂದರೆ ತಂಟೆ ಮುಗಿಯಿತು ಎಂಬ ಆಕ್ಷೇಪದಲ್ಲಿ ಹೆಚ್ಚು ಹುರುಳಿದೆ, ವೇಗದ ಮಟ್ಟಿಗೆ ಅದು ನಿಜ. ಆದರೆ ಕನ್ನಡ ಫಾಂಟುಗಳಲ್ಲಿ, ಅದರಲ್ಲೂ ಅಕ್ಷರವನ್ನು ಚೂರುಚೂರಾಗಿ ಜೋಡಿಸುವ ಹಳೆಯವುಗಳಲ್ಲಿ, ಮೂಲಾಕ್ಷರ ಮತ್ತು ಗುಣಿತದ ಹೊರಗೆರೆಗಳು ಒಂದರ ಮೇಲೊಂದು ಹಾಯುವುದುಂಟು. ಕಾಗದದ ಮೇಲೆ ಶಾಯಿ ಅದನ್ನು ಮುಚ್ಚುತ್ತದೆ. ಬಿಟ್ ಮಾತ್ರ ಎರಡೂ ಗೆರೆ ಹಿಡಿದು ಅಕ್ಷರದ ಹೊಟ್ಟೆಯೊಳಗೇ ಸೀಳಿಕೊಂಡು ಹೋಗುತ್ತದೆ. ಎಷ್ಟು ದುಬಾರಿ ನಿಯಂತ್ರಕಕ್ಕೂ ಆ ಗೆರೆ ಬೇಡವೆಂದು ಗೊತ್ತಾಗದು. ದಾರಿ ಹಾಕುವ ಮೊದಲೇ ಪರದೆಯ ಮೇಲೆ ಚೂರುಗಳನ್ನು ಬೆಸೆದು ಒಂದೇ ಹೊರಗೆರೆ ಮಾಡಿಕೊಳ್ಳಬೇಕು, ಆ ಕೆಲಸಕ್ಕೆ ಕನ್ನಡ ಓದಬಲ್ಲ ಕಣ್ಣೇ ಬೇಕು.